ದನದ ಮನೆಯೊಳಗೊಂದು ಲೇತ್

ಬೈಲಹೊಂಗಲ, ಸವದತ್ತಿ ಸೀಮೆಯ ಹಳೆಯ ಮನೆಗಳಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ಖಾಲಿ ಬಿದ್ದಿದ್ದು ದನದ ಮನೆ. ಗ್ವಾದಲಿಯಲ್ಲಿ ಈಗ ಕಣಿಕೆಯ ಬದಲು ಹಳೆಯ ಪೈಪು, ಸವೆದ ಟೈರು, ತುಕ್ಕು ಹಿಡಿದ ಕುಂಟೆ. ಪೇಟೆಯಲ್ಲಿ ಕಾರಿಗೆಂದು ಹಾಕಿಸಿದ ತಗಡಿನ ಶೆಡ್ಡಿನ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಕಬ್ಬಿಣದ ಕೆಲಸದ ಹುಚ್ಚು ಹತ್ತಿದವರಿಗೆ ಈ ಜಾಗ ಧಾರಾಳ ಸಾಕು. ನಾನು ಹೇಳುತ್ತಿರುವುದು ಹೊಟ್ಟೆಪಾಡಿನ ವರ್ಕ್‌ಶಾಪಿನ ಮಾತಲ್ಲ. ಸಂಜೆ ಎರಡು ತಾಸು ಕೈ ಮಸಿ ಮಾಡಿಕೊಂಡರೆ ನಿದ್ದೆ ಚೆನ್ನಾಗಿ ಬರುತ್ತದೆ ಅನ್ನುವವರ ಮಾತು.

ಈ ಹುಚ್ಚಿಗೆ ಇದೇ ನೆಲದಲ್ಲಿ ಒಬ್ಬ ಹಿರಿಯರಿದ್ದಾರೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಚಿತ್ರ ಬರೆಯುವ ಆಸೆಯಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದ ಹುಡುಗನಿಗೆ ಕೆಲವು ಬಣ್ಣಗಳ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ನಕ್ಷೆಗೆ ಇಳಿದರು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದರು, ಬಡ್ತಿ ಕೈತಪ್ಪಿದಾಗ ಅದನ್ನೂ ಬಿಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆಂದು ರೈತರು ಹಿಂದೇಟು ಹಾಕಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು ಎನ್ನುತ್ತಾರೆ. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್‌ಗಳನ್ನು ಮಾಡತೊಡಗಿತು. ಲಕ್ಷ್ಮಣರಾವ್ ಬೆಳಗಾವಿಯಲ್ಲಿ ತಡಕಾಡುತ್ತಿದ್ದ ಕಾಲಕ್ಕೇ, 1898ರಲ್ಲಿ, ಲಂಡನ್ನಿನಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಹೊರಟಿತು. ಮನೆಯ ಹಿತ್ತಿಲಲ್ಲಿ ಪುಟ್ಟ ಉಗಿ ಎಂಜಿನ್ ಕಟ್ಟುವ ಗುಮಾಸ್ತರು, ಮೇಷ್ಟ್ರುಗಳೇ ಅದರ ಓದುಗರು.

ಆದರೆ ಮೊದಲೇ ಲೇತ್‌ಗೆ ರೊಕ್ಕ ಸುರಿಯಬೇಡಿ. ಮೊದಲು ಬೇಕಾದದ್ದು ಅಲುಗಾಡದ ಒಂದು ಬೆಂಚು. ಹಳೆಯ ಜಾಲಿ ತೊಲೆ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅದರ ಮೇಲೆ ನಾಲ್ಕೈದು ಇಂಚಿನ ವೈಸ್, ಅದರ ದವಡೆ ನಿಮ್ಮ ಮೊಣಕೈ ಮಟ್ಟಕ್ಕೆ. ಹ್ಯಾಕ್ಸಾ, ಸುತ್ತಿಗೆ, ಎರಡು ಅರ, ಒಂದು ಗುಣ್ಯಾ. ಇಷ್ಟರಲ್ಲೇ ಮೊದಲ ಆರು ತಿಂಗಳು ಕಳೆಯಬಹುದು. ಒಂದು ಪಟ್ಟಿ ತುಂಡನ್ನು ವೈಸ್‌ಗೆ ಬಿಗಿದು ಸಪಾಟು ಮಾಡಲು ಕೂತು ನೋಡಿ. ಅರವನ್ನು ಮುಂದೆ ತಳ್ಳುವಾಗಷ್ಟೇ ಭಾರ. ಹಿಂದೆ ತರುವಾಗ ಎತ್ತಬೇಕು, ಇಲ್ಲದಿದ್ದರೆ ಹಲ್ಲು ಬೇಗ ಮೊಂಡಾಗುತ್ತದೆ. ಹಲ್ಲುಗಳ ಸಂದಿಗೆ ಸೀಮೆಸುಣ್ಣ ತಿಕ್ಕಿದರೆ ಪುಡಿ ಕಚ್ಚಿಕೊಳ್ಳುವುದಿಲ್ಲ, ಮೈಮೇಲೆ ಗೀರು ಬೀಳುವುದಿಲ್ಲ. ಸಪಾಟಾಯಿತೆಂದು ಗುಣ್ಯಾ ಇಟ್ಟು ಕಿಟಕಿಯ ಕಡೆ ಹಿಡಿದರೆ ಎರಡೂ ತುದಿಯಲ್ಲಿ ಬೆಳಕು ನುಸುಳುತ್ತದೆ. ಅಂದರೆ ನಡುವೆ ಉಬ್ಬು ಉಳಿದಿದೆ. ತೋಳು ತನಗೇ ಗೊತ್ತಿಲ್ಲದೆ ತೊಟ್ಟಿಲು ತೂಗಿದ ಹಾಗೆ ಏರಿಳಿಯುತ್ತಿರುತ್ತದೆ. ಈ ಉಬ್ಬು ಹೋಗುವ ಹೊತ್ತಿಗೆ ಕೈ ಕೆಲಸ ಕಲಿತಿರುತ್ತದೆ.

ಕಾದ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ರೈಲು ಹಳಿಯ ತುಂಡು ತರಲು ಹೇಳುವವರಿದ್ದಾರೆ. ಬೈಲಹೊಂಗಲ, ಸವದತ್ತಿ ಪೇಟೆಗಳಿಗೆ ರೈಲೇ ಬಂದಿಲ್ಲ, ಅದಿರಲಿ; ರೈಲ್ವೆಯ ಮಾಲು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯಿದೆ ಪ್ರಕಾರ ಅಪರಾಧ. ಗುಜರಿಯಲ್ಲಿ ಸಿಗುವ ದಪ್ಪ ಉಕ್ಕಿನ ಗಟ್ಟಿ ಸಾಕು. ಲಾರಿಯ ಪಾಟಾ ತುಂಡೂ ಅಲ್ಲೇ ಸಿಗುತ್ತದೆ. ಚೂರಿ, ಉಳಿ ಮಾಡಲು ಅದು ಲಾಯಕ್ಕಾದ ಉಕ್ಕು. ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಾಜಿನಷ್ಟು ಪೆಡಸಾಗುತ್ತದೆ. ಮತ್ತೆ ಹದವಾಗಿ ಕಾಯಿಸಿ ಮೈಮೇಲೆ ಒಣಹುಲ್ಲಿನ ಬಣ್ಣ ಬಂದಾಗ ನಿಲ್ಲಿಸಬೇಕು.

ಲೇತ್ ಕೊಳ್ಳುವ ದಿನ ಬಂದಾಗ ಈ ಸೀಮೆಯ ನಿಜವಾದ ತಕರಾರು ಎರಿ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಈ ನೆಲದ ಮೇಲೆ ತೆಳು ಕಾಂಕ್ರೀಟು ಹಾಕಿ ಲೇತ್ ಕೂರಿಸಿದರೆ ಒಂದೇ ವರ್ಷದಲ್ಲಿ ಬೆಡ್ ತಿರುಚಿಕೊಂಡು, ನೇರ ಕಡೆಯಬೇಕಾದ ಸರಳು ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗುತ್ತದೆ. ಗರಸು ಸಿಗುವ ತನಕ ಅಗೆದು ಅಡಿಪಾಯ ಹಾಕಿಸುವುದು ಒಂದು ದಾರಿ. ಅದಕ್ಕಿಂತ ಸುಲಭ, ಬೆಂಚಿನ ಮೇಲೇ ಕೂರುವ ಸಣ್ಣ ಲೇತ್. ನೆಲ ಅಲುಗಿದರೂ ಬೆಂಚನ್ನೇ ಮಟ್ಟ ಮಾಡಿಕೊಳ್ಳಬಹುದು, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ಓಡುತ್ತದೆ. ವೆಲ್ಡಿಂಗಿಗೂ ಇನ್ವರ್ಟರ್ ಮಷಿನ್ ಬಂದಿದೆ. ಆದರೆ ಅದಕ್ಕೆ ಪ್ರತ್ಯೇಕ ವೈರು, ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕೇ ಬೇಕು. ಲೈಟಿನ ಸ್ವಿಚ್ಚಿನಿಂದ ಎಳೆಯುವ ಜಾಣತನ ಬೇಡ.

ಬೈಲಹೊಂಗಲ ಕಡೆ ಇನ್ನೊಂದು ಎಚ್ಚರ: ಹತ್ತಿ. ಬಿಡಿಸಿ ತಂದ ಹತ್ತಿ ಪಕ್ಕದ ಕೋಣೆಯಲ್ಲಿದ್ದರೆ ಆ ತಿಂಗಳು ಗ್ರೈಂಡರ್ ಮುಟ್ಟಬಾರದು. ಒಂದು ಕಿಡಿ ಹತ್ತಿಯೊಳಗೆ ಹೊಕ್ಕರೆ ಹೊಗೆ ಕಾಣುವ ಮೊದಲು ತಾಸುಗಟ್ಟಲೆ ಒಳಗೊಳಗೇ ಸುಡುತ್ತದೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಗಾರ್ಡ್ ಬಿಚ್ಚಿ ಓಡಿಸುವುದು ಎಲ್ಲರಿಗೂ ರೂಢಿ, ಒಡೆದ ಚಕ್ರದ ಚೂರಿಗೆ ಮಾತ್ರ ಆ ರೂಢಿ ಗೊತ್ತಿಲ್ಲ. ತಿರುಗುವ ಲೇತ್ ಮುಂದೆ ಹೆಗಲ ಮೇಲಿನ ಟವೆಲ್, ಕೈಗವಸು ಎರಡೂ ಬೇಡ.

ಬೆಂಚು ಕೂತ ಸುದ್ದಿ ಊರಿಗೆ ಹಬ್ಬಲು ತಡವಾಗುವುದಿಲ್ಲ. ಗೇಟಿನ ಬಿಜಾಗರಿ ಹಿಡಿದುಕೊಂಡು ಒಬ್ಬರು ಬರುತ್ತಾರೆ, ಮೊಂಡಾದ ಕುಡಗೋಲು ಹಿಡಿದುಕೊಂಡು ಇನ್ನೊಬ್ಬರು. ಬಿಜಾಗರಿ ಮಾಡಿಕೊಡಿ. ಕುಡಗೋಲನ್ನು ಮಾತ್ರ ಕಂಬಾರರ ಸಾಲಿಗೇ ಕಳಿಸಿ, ಅದು ಅವರ ಅನ್ನ. ಬೇಕಾದರೆ ನೀವೂ ಜೊತೆಗೆ ಹೋಗಿ. ಸವದತ್ತಿ ತಾಲ್ಲೂಕಿನ ಶಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಆರಾಧ್ಯ ದೇವತೆ. ಯುಗಾದಿಗೆ ಅಲ್ಲಿ ಜಾತ್ರೆ. ಅದಕ್ಕೆ ಹೋಗಿಬರುವ ಹಿರಿಯ ಕಂಬಾರರೊಬ್ಬರು ನಿಮ್ಮೂರಲ್ಲಿದ್ದರೆ, ಕಾದ ಅಲಗನ್ನು ಅವರು ಬಿಸಿಲಿಗೆ ತರದೆ ನೆರಳಲ್ಲೇ ಹಿಡಿದು ಬಣ್ಣ ನೋಡುವುದನ್ನು ಗಮನಿಸಿ. ಯಾಕೆ ಅಂತ ಕೇಳಿದರೆ ಹೇಳುತ್ತಾರೆ. ಇಕ್ಕಳ ಹಿಡಿಯುತ್ತೀನಿ ಅಂದರೆ ಇನ್ನೂ ಹೆಚ್ಚು ಹೇಳುತ್ತಾರೆ.