ಸದ್ದಿಲ್ಲದೆ ನಿಂತ ಬ್ಯಾಕಪ್

ಹಾಸನದಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಉಪಗ್ರಹಗಳ ಮೇಲೆ ಹಗಲಿರುಳು ಕಣ್ಣಿಟ್ಟಿದೆ. ಬ್ಯಾಟರಿ, ಉಷ್ಣಾಂಶ, ಇಂಧನ ಎಂದು ಉಪಗ್ರಹ ತನ್ನ ಯೋಗಕ್ಷೇಮವನ್ನು ಕಳಿಸುತ್ತಲೇ ಇರುತ್ತದೆ. 2018ರ ಮಾರ್ಚ್ 29ರಂದು ಹಾರಿದ ಜಿಸ್ಯಾಟ್-6ಎ ಮೂರನೆಯ ಸಲ ಕಕ್ಷೆ ಏರುವ ಮೊದಲೇ ಸಂಪರ್ಕ ಕಳೆದುಕೊಂಡಿತು. ಕೆಟ್ಟಿದ್ದೇನೆಂದು ಅದೇನೂ ಹೇಳಿಕೊಳ್ಳಲಿಲ್ಲ. ಬರಬೇಕಾದ ಸಂಕೇತ ಬರಲಿಲ್ಲ, ಅಷ್ಟರಿಂದಲೇ ತಿಳಿಯಿತು.

ನಮ್ಮ ಕಂಪ್ಯೂಟರ್ ಬ್ಯಾಕಪ್‌ಗಳನ್ನು ನಾವು ಕಾಯುವ ರೀತಿ ಇದಕ್ಕೆ ಪೂರಾ ಉಲ್ಟಾ. ತಪ್ಪಾದರೆ ಮಿಂಚಂಚೆ ಬರಲಿ ಎಂದು ಹೊಂದಿಸಿ ಮರೆತುಬಿಡುತ್ತೇವೆ. ಅಂಚೆ ಬರದಿದ್ದರೆ ಎಲ್ಲ ಸರಿಯಿದೆ ಎಂದೇ ಲೆಕ್ಕ. ತಂತ್ರಾಂಶದ ಕೋಡ್ ಇಡಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿ ಎಡವಿದ್ದು ಇಲ್ಲೇ. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ತಪ್ಪು ಸರ್ವರ್‌ನಲ್ಲಿ ದತ್ತಾಂಶ ಅಳಿಸಿಬಿಟ್ಟರು. ದಿನವೂ ಆಗಬೇಕಿದ್ದ ಬ್ಯಾಕಪ್ ಹುಡುಕಿದರೆ ಜಾಗ ಖಾಲಿ! ಡೇಟಾಬೇಸ್ 9.6ನೇ ಆವೃತ್ತಿಯದು, ನಕಲು ತೆಗೆಯುವ ತಂತ್ರಾಂಶ 9.2ರದು, ಹಾಗಾಗಿ ನಕಲೇ ಆಗುತ್ತಿರಲಿಲ್ಲ. ದೂರಿನ ಮಿಂಚಂಚೆಗಳು ಹೊರಟಿದ್ದವು, ಆದರೆ ಸರಿಯಾದ ಸಹಿಯಿಲ್ಲವೆಂದು ಅಂಚೆ ಸರ್ವರ್ ಅವನ್ನು ಒಳಗೇ ಬಿಟ್ಟಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಪ್ರತಿ ಅವರನ್ನು ಉಳಿಸಿತು. ಅದೃಷ್ಟ, ಮತ್ತೇನಲ್ಲ.

ಹೊಳೆನರಸೀಪುರದ ಹಾಲಿನ ಸೊಸೈಟಿಯಲ್ಲೋ ಅರಕಲಗೂಡಿನ ಫೋಟೋ ಸ್ಟುಡಿಯೋದಲ್ಲೋ ಬ್ಯಾಕಪ್ ನಿಲ್ಲುವ ಕಾರಣ ಇನ್ನೂ ಸಾದಾ ಇದ್ದೀತು. ಬ್ಯಾಕಪ್‌ಗೆ ರಾತ್ರಿ ಎರಡು ಗಂಟೆ ಕೊಟ್ಟಿರುತ್ತಾರೆ, ಎಂಟಕ್ಕೇ ಮೇನ್ ಸ್ವಿಚ್ ಆರಿಸಿ ಬಾಗಿಲು ಹಾಕುತ್ತಾರೆ. ಗೊತ್ತುಮಾಡಿದ ಹೊತ್ತಿಗೆ ಕೆಲಸ ನಡೆಸುವ ಲಿನಕ್ಸ್‌ನ ಕ್ರಾನ್ ತಪ್ಪಿದ ಹೊತ್ತನ್ನು ಮತ್ತೆ ನೆನೆಯುವುದಿಲ್ಲ. ವಿಂಡೋಸ್‌ನಲ್ಲಿ, ತಪ್ಪಿದ ಕೆಲಸವನ್ನು ಯಂತ್ರ ಆನ್ ಆದೊಡನೆ ಮಾಡಿಸುವ ಆಯ್ಕೆಯೇನೋ ಇದೆ, ಗುರುತು ಹಾಕಿರಬೇಕಷ್ಟೆ.

ಮದ್ದು ಹಾಸನದ್ದೇ. ಕೆಲಸ ಮುಗಿದಾಗಲೆಲ್ಲ ಬ್ಯಾಕಪ್ ಇನ್ನೊಂದು ಕಂಪ್ಯೂಟರ್‌ಗೆ ‘ಮುಗಿಯಿತು’ ಎಂದು ತಿಳಿಸಲಿ. ಗಡುವು ಮೀರಿದರೂ ಆ ಸುದ್ದಿ ಬಾರದಿದ್ದರೆ ಆ ಕಂಪ್ಯೂಟರ್ ಗಂಟೆ ಬಾರಿಸಲಿ. ಎರಡೂ ಕಂಪ್ಯೂಟರ್ ಚನ್ನರಾಯಪಟ್ಟಣದ ಒಂದೇ ಅಂಗಡಿಯಲ್ಲಿದ್ದರೆ ಪ್ರಯೋಜನವಿಲ್ಲ. ಕರೆಂಟು ಹೋದರೆ ಕಾವಲುಗಾರನೂ ಮಲಗುತ್ತಾನೆ.

‘ಮುಗಿಯಿತು’ ಎಂಬುದನ್ನೂ ಪೂರ್ತಿ ನಂಬುವಂತಿಲ್ಲ. ನಕಲನ್ನು ನೇರವಾಗಿ, ಕಡತ ಕುಗ್ಗಿಸುವ ಜಿಜಿಪ್‌ಗೆ ಹರಿಸುವ ಸ್ಕ್ರಿಪ್ಟಿನಲ್ಲಿ, ನಕಲು ವಿಫಲವಾದರೂ ಜಿಜಿಪ್ ತನ್ನ ಪಾಲಿನ ಕೆಲಸ ಮುಗಿಸಿ ಯಶಸ್ಸಿನ ಗುರುತಾದ ಸೊನ್ನೆ ಕೊಟ್ಟುಬಿಡಬಹುದು. ಉಳಿಯುವುದು 20 ಬೈಟಿನ ಖಾಲಿ ಪೊಟ್ಟಣ. ಆದ್ದರಿಂದ ಸುದ್ದಿಯ ಜೊತೆ ಕಡತದ ಗಾತ್ರವೂ ಬರಲಿ, ನಿನ್ನೆಯದಕ್ಕಿಂತ ತೀರಾ ಕುಗ್ಗಿದ್ದರೆ ಅದೂ ಗಂಟೆ ಬಾರಿಸಲಿ. ತಿಂಗಳಿಗೊಮ್ಮೆ ಒಂದು ಕಡತವನ್ನು ಬೇರೆ ಕಂಪ್ಯೂಟರ್‌ನಲ್ಲಿ ಬಿಚ್ಚಿ, ಕಳೆದ ವಾರದ ಲೆಕ್ಕ ಅದರಲ್ಲಿದೆಯೇ ಎಂದು ಕಣ್ಣಾರೆ ನೋಡಬೇಕು.