ಸುಟ್ಟ ಗಾಯದ ಮೇಲೆ ವೈರಲ್ ಜ್ವರ ಬಂದರೆ?

ಪ್ರಶ್ನೆ: ಬೆಲ್ಲದ ಗಾಣದಲ್ಲಿ ಕುದಿಯುವ ಕಬ್ಬಿನ ಹಾಲು ಬಿದ್ದು ಮೈ ಸುಟ್ಟವರ ಬಳಿ ನೆಗಡಿ ಇದ್ದವರು ಹೋಗಬಾರದು ಎನ್ನುತ್ತಾರೆ. ಗಾಯ ಚರ್ಮದ್ದು, ನೆಗಡಿ ಮೂಗಿನದು, ಸಂಬಂಧವೇನು?
– ಓದುಗರು, ಲೋಕಾಪುರ

ಉತ್ತರ: ಸಂಬಂಧ ಆಳವಾದದ್ದು. ದೊಡ್ಡ ಸುಟ್ಟಗಾಯ ಚರ್ಮದ್ದಷ್ಟೇ ಅಲ್ಲ, ಇಡೀ ದೇಹದ ಕಾಯಿಲೆ. ಮೈಯ ಶೇ. 40ಕ್ಕಿಂತ ಹೆಚ್ಚು ಭಾಗ ಸುಟ್ಟರೆ ದೇಹ ಬಳಸುವ ಶಕ್ತಿ ಇಮ್ಮಡಿಯ ಹತ್ತಿರಕ್ಕೆ ಏರಬಹುದು. ಸ್ನಾಯು ಕರಗುತ್ತದೆ, ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಆಗ ಫ್ಲೂ ಅಥವಾ ಕೋವಿಡ್ ತಗುಲಿದರೆ ಶ್ವಾಸನಾಳದ ಒಳಪದರ ಹಾಳಾಗಿ ಬ್ಯಾಕ್ಟೀರಿಯಾಕ್ಕೆ ದಾರಿಯಾಗುತ್ತದೆ. 1918ರ ಫ್ಲೂ ಪಿಡುಗಿನಲ್ಲಿ ಬಹುಪಾಲು ಜನರನ್ನು ಕೊಂದದ್ದು ಹೀಗೆ ಬಂದ ನ್ಯುಮೋನಿಯಾ. ಬೆಂಕಿ ಅವಘಡದಲ್ಲಿ ಹೊಗೆ ಕುಡಿದವರ ಶ್ವಾಸನಾಳ ಮೊದಲೇ ಗಾಯಗೊಂಡಿರುತ್ತದೆ. ಅವರಿಗೆ ಅಪಾಯ ಇನ್ನೂ ಹೆಚ್ಚು. ಉಸಿರಾಟ ಕೆಟ್ಟರೆ ಅರಿವಳಿಕೆ ಕೊಡುವುದು ಕಷ್ಟ. ಚರ್ಮ ಕಸಿ ಮುಂದೆ ಹೋಗುತ್ತದೆ, ತೆರೆದ ಗಾಯಕ್ಕೆ ನಂಜೇರುವ ಅವಧಿ ಬೆಳೆಯುತ್ತದೆ.

ಸುಟ್ಟವರಿಗೆ ಜ್ವರ ಸಹಜವಲ್ಲವೇ ಎಂದು ಕೇಳಬಹುದು. ನಿಜ, ಅದಕ್ಕೇ ವೈರಸ್ ಕಣ್ಣಿಗೆ ಬೀಳದೆ ಉಳಿಯುತ್ತದೆ. ಕೆಮ್ಮು, ಏದುಸಿರು, ಆಮ್ಲಜನಕದ ಇಳಿಕೆ ಕಂಡರೆ ಪರೀಕ್ಷೆ ಮಾಡಿಸಲೇಬೇಕು. ಸಣ್ಣ ಗಾಯದ ಗಟ್ಟಿಮುಟ್ಟಾದವರು ಸಾಮಾನ್ಯ ನೆಗಡಿಯಿಂದ ಬೇಗ ಚೇತರಿಸಿಕೊಳ್ಳುತ್ತಾರೆಂಬುದೂ ಸರಿಯೇ. ಆದರೆ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಗಾಯ ದೊಡ್ಡದಿರಬಹುದು. ನೋಡಲು ಹೋಗದಿದ್ದರೆ ಮನುಷ್ಯತ್ವವಲ್ಲ ಎಂಬ ಭಾವನೆ ನಮ್ಮೂರುಗಳಲ್ಲಿ ಗಾಢವಾಗಿದೆ. ನೆಗಡಿಯಿದ್ದಾಗ ದೂರವಿದ್ದು ಫೋನಿನಲ್ಲಿ ಧೈರ್ಯ ಹೇಳುವುದೂ ಮನುಷ್ಯತ್ವವೇ. ಆರೈಕೆಗೆ ನಿಂತವರು ಮಾಸ್ಕ್ ಧರಿಸಲಿ, ಕೈ ತೊಳೆಯಲಿ, ವೈದ್ಯರನ್ನು ಕೇಳಿ ಫ್ಲೂ ಲಸಿಕೆ ಪಡೆಯಲಿ.