ಲಘಿಮಾ ಸಿದ್ಧಿಯೂ ಬಟ್ಟೆಯ ಮರೆಯೂ

೧೯೩೬ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ದಕ್ಷಿಣ ಭಾರತದ ಯೋಗಿ ಸುಬ್ಬಯ್ಯ ಪುಲವರ್ ಅಂತರಿಕ್ಷದಲ್ಲಿ ಮಲಗಿದಂತಿದ್ದ ಛಾಯಾಚಿತ್ರಗಳನ್ನು ಪ್ರಕಟಿಸಿತು. ಅವರ ಕೈಯು ಬಟ್ಟೆ ಸುತ್ತಿದ ದಂಡವೊಂದರ ಮೇಲಿದ್ದಿತು. ಮೇಲೇರುವಾಗ ಸುತ್ತಲೂ ಡೇರೆಯ ಮರೆಯಿದ್ದಿತು. ಬಟ್ಟೆಯೊಳಗೆ ಲೋಹದ ಆಧಾರವಿದ್ದರೆ ಆ ಭಂಗಿಗೆ ತಪಸ್ಸು ಬೇಕಾಗದು.

ದೇಹದ ಮೇಲೆ ಮನಸ್ಸಿಗೆ ಅಧಿಕಾರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹೃದಯವನ್ನು ನಿಲ್ಲಿಸಬಲ್ಲೆವೆಂದ ಯೋಗಿಗಳನ್ನು ವೆಂಗರ್, ಬಾಗ್ಚಿ, ಆನಂದ್ ಎಂಬ ವಿದ್ವಾಂಸರು ಪರೀಕ್ಷಿಸಿ ೧೯೬೧ರಲ್ಲಿ ವರದಿಯಿತ್ತರು. ಉಸಿರು ಕಟ್ಟಿ ಸ್ನಾಯುಗಳನ್ನು ಬಿಗಿದಾಗ ಮಣಿಕಟ್ಟಿನ ನಾಡಿಯು ಬೆರಳಿಗೆ ಸಿಕ್ಕದಾಯಿತು. ಆದರೆ ಯಂತ್ರದಲ್ಲಿ ಹೃದಯದ ಬಡಿತವು ನಿಲ್ಲಲಿಲ್ಲ.

ಅಭ್ಯಾಸಬಲವು ಸತ್ಯವೇ, ಅದರ ಆಳ್ವಿಕೆಯು ದೇಹದೊಳಗಿನದು. ಭೂಮಿಯ ಆಕರ್ಷಣವು ಮನಸ್ಸಿನ ಆಜ್ಞೆಗೆ ಮಣಿದುದನ್ನು ಯಾವ ತಕ್ಕಡಿಯೂ ತೋರಿಸಿಲ್ಲ. ಯೋಗವನ್ನು ಗೌರವಿಸುವವರೇ ಮೊದಲು ಆ ಬಟ್ಟೆಯನ್ನು ಸರಿಸಿ ನೋಡತಕ್ಕದ್ದು.